ಕೊನೇ ಕಲ್ಲು

ಆ ಕೋಣೆಗೆ ನೆಲವೇ ಇರಲಿಲ್ಲ.

ಗೋಡೆ ನಾಲ್ಕಿದ್ದವು. ಮೇಲೆ ತಗಡು ಇತ್ತು. ಬಾಗಿಲು ಎನ್ನುವಂಥದ್ದೂ ಒಂದಿತ್ತು. ಕೆಳಗೆ ಮಾತ್ರ ಇಟ್ಟಿಗೆ ಚೂರು, ಜಲ್ಲಿ, ತುಕ್ಕು ಹಿಡಿದ ಮೊಳೆ. ಮೊದಲು ಅಲ್ಲಿ ಗುಜರಿ ಸಾಮಾನು ತುಂಬಿಡುತ್ತಿದ್ದರು. ತೇವ ತಡೆಯಲಾರದೆ ಗುಜರಿಯವನು ಬಿಟ್ಟುಹೋದ. ಕಬ್ಬಿಣವೇ ಬಾಳದ ಜಾಗಕ್ಕೆ ಮಾಲೀಕ ಸುಣ್ಣ ಹೊಡೆಸಿ 'ಮನೆ' ಎಂದು ಹೆಸರಿಟ್ಟ. ಹೆಸರಿಟ್ಟರೆ ಸಾಕು, ಬಾಡಿಗೆ ತಾನಾಗಿ ಹುಟ್ಟುತ್ತದೆ.

ಆ ಮನೆಗೆ ಅವಳು ಗಂಡನನ್ನು ಬೆನ್ನ ಮೇಲೆ ಹೊತ್ತು ಬಂದಳು.

ಗಂಡ ಟೈಲ್ಸ್ ಹಾಕುವ ಮೇಸ್ತ್ರಿ. ಅವಳು ಅವನ ಕೈಕೆಳಗೆ ಸಿಮೆಂಟು ಕಲಸಿ, ಬಾಂಡ್ಲಿಗೆ ತುಂಬಿ, ತಲೆಯ ಮೇಲಿಟ್ಟುಕೊಂಡು ಮಹಡಿ ಹತ್ತುವವಳು. ಕೆಲಸದ ಕಡೆ ಎಲ್ಲರಿಗೂ ಅವಳು ಬಾಂಡ್ಲಿಯಕ್ಕ. ಹೊತ್ತು ಹೊತ್ತು ನೆತ್ತಿಯಲ್ಲಿ ಅಂಗೈಯಗಲ ಕೂದಲು ಹೋಗಿ ನುಣ್ಣಗಾಗಿತ್ತು. "ತಲೆಗೂ ಟೈಲ್ಸ್ ಹಾಕಿಸ್ಕೊಂಡಿದ್ದೀಯಲ್ಲೇ" ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅತ್ತರೆ ಕೂದಲು ಬರುತ್ತದೆಯೆ?

ಮೇಸ್ತ್ರಿಗೆ ಮಟ್ಟದ ಹುಚ್ಚು. ಎಲ್ಲಿಗೆ ಹೋದರೂ ಮನುಷ್ಯರ ಮುಖ ಆಮೇಲೆ, ನೆಲ ಮೊದಲು. "ಇಲ್ಲಿ ಮಟ್ಟ ಇಲ್ಲ" ಎಂದು ಬಿಡುವನು. ನೆಂಟರ ಹೊಸ ಮನೆಗೆ ಊಟಕ್ಕೆ ಹೋದಾಗಲೂ ಅಂದಿದ್ದ. ಆ ನೆಂಟರು ಮತ್ತೆ ಕರೆಯಲಿಲ್ಲ. ಅಂಥವನು ಒಂದು ದೊಡ್ಡ ಕಟ್ಟಡದ ಹೊರಗೋಡೆಗೆ ಟೈಲ್ಸ್ ಅಂಟಿಸುವಾಗ ನಿಂತಿದ್ದ ಸಾರುವೆಯ ಹಗ್ಗ ಹರಿದು ಬಿದ್ದ. ಹಗ್ಗ ಹಳೆಯದಾಗಿದೆ ಎಂದು ಬೆಳಗ್ಗೆಯೇ ಹೇಳಿದ್ದ. ಸೊಂಟದಿಂದ ಕೆಳಗೆ ಸತ್ತುಹೋಯಿತು. ಕಂಟ್ರಾಕ್ಟರು "ಕುಡಿದು ಹತ್ತಿದ್ದ" ಎಂದ. ಅವನು ಜನ್ಮದಲ್ಲಿ ಕುಡಿದವನಲ್ಲ. ಆಸ್ಪತ್ರೆಯ ಗಾಲಿಮಂಚ ಕಡಕಡ ಎಂದು ಉರುಳುವಾಗ ಕಣ್ಣು ಬಿಟ್ಟು, "ಈ ನೆಲ ಮಟ್ಟ ಇಲ್ಲ ಕಣೆ" ಎಂದ. ಆಗಲೇ ಅವಳಿಗೆ ಧೈರ್ಯ ಬಂದದ್ದು, ಆಸಾಮಿ ಬದುಕಿದ್ದಾನೆ ಎಂದು.

ಇದ್ದ ಮನೆಯ ಬಾಡಿಗೆ ಕಟ್ಟಲು ಒಂದು ಜೀವದ ಕೂಲಿ ಸಾಲಲಿಲ್ಲ. ಹಾಗಾಗಿ ಈ ಗುಜರಿ ಕೋಣೆ.

ಮಾಲೀಕ ಕೆಟ್ಟ ಮಾತಾಡುವವನಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಬಾಡಿಗೆದಾರ ಹೆಂಗಸರೆಲ್ಲ ಅವನಿಗೆ ತಂಗಿಯರು, ತಾಯಂದಿರು. ಸಾಲಾಗಿ ಕಟ್ಟಿದ್ದ ಅವನ ಕೋಣೆಗಳಲ್ಲಿ ಯಾರು ಏನು ಕೇಳಿದರೂ, ನಲ್ಲಿ ಸೋರಲಿ, ತಗಡು ಹಾರಲಿ, "ನೋಡೋಣ" ಎನ್ನುತ್ತಿದ್ದ. ಇಲ್ಲ ಎಂದವನಲ್ಲ, ಮಾಡಿದವನೂ ಅಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ನೋಡೋಣಣ್ಣ ಎನ್ನುತ್ತಿದ್ದರು. ಮೊದಲ ದಿನ ಕರಾರಿಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ:

"ಒಂದೇ ಮಾತು ತಂಗಿ. ಮನೆ ಹೇಗಿದೆಯೋ ಹಾಗೇ ವಾಪಸ್ ಕೊಡ್ಬೇಕು. ಒಂದು ಮೊಳೆ ಹೊಡೆದಿದ್ರೂ ಅಡ್ವಾನ್ಸಲ್ಲಿ ಹಿಡ್ಕೋತೀನಿ."

ಪಕ್ಕದ ಕೋಣೆಯ ಗುಂಡಿ ಅಜ್ಜಿ ಬಾಗಿಲಲ್ಲೇ ಇದ್ದಳು. ಬಟ್ಟೆ ಕಾರ್ಖಾನೆಯ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿಯುವ ಮುದುಕಿ. ಹಲ್ಲಿನಿಂದ ದಾರ ಕತ್ತರಿಸಿ, "ಹೇಗಿದೆಯೋ ಹಾಗೇನಾ? ಜಿರಳೆ ಎಣಿಸಿ ಕೊಟ್ಟಿದ್ದೀಯೇನಪ್ಪಾ?" ಎಂದಳು. ಮಾಲೀಕನೂ ನಕ್ಕ. ನಗಲು ಅವನಿಗೇನು ಖರ್ಚು.

ಮೇಸ್ತ್ರಿ ಆ ಜಲ್ಲಿಯ ಮೇಲೆ ಮೊಣಕೈ ಊರಿ ತೆವಳಬೇಕಾಗಿತ್ತು. ಬಚ್ಚಲಿಗೆ, ನೀರಿಗೆ, ಬಾಗಿಲಿಗೆ. ಅವಳು ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವನನ್ನು ಎತ್ತುವವರಿಲ್ಲ. ಸೊಂಟದ ಚರ್ಮ ಕಿತ್ತುಬಂತು. ಅವನಿಗೆ ನೋವು ಗೊತ್ತಾಗುತ್ತಿರಲಿಲ್ಲ, ವಾಸನೆ ಗೊತ್ತಾಗುತ್ತಿತ್ತು. ಆಸ್ಪತ್ರೆಯ ನರ್ಸಮ್ಮ ಹುಣ್ಣು ತೊಳೆಯುತ್ತ ಗದರಿದಳು. "ಇದು ಒದ್ದೆ ಆಗ್ಬಾರ್ದು, ಉಜ್ಜಬಾರ್ದು. ಕೀವು ಮೂಳೆಗೆ ಇಳೀತೋ, ಆಮೇಲೆ ಇಲ್ಲಿಗೆ ಕರ್ಕೊಂಡು ಬರೋ ಕಷ್ಟಾನೂ ಇರಲ್ಲ."

ಮಾಲೀಕನನ್ನು ಕೇಳಿದಳು. "ಅಣ್ಣಾ, ನೆಲಕ್ಕೊಂದಿಷ್ಟು ಸಿಮೆಂಟಾದ್ರೂ ಬಳಿಸಿ ಕೊಡಿ."

"ನೋಡೋಣ ತಂಗಿ."

ಅವಳು ನೋಡುತ್ತ ಕೂರಲಿಲ್ಲ. ಕೆಲಸದ ಕಡೆ ಒಡೆದು ಬಿಸಾಡಿದ ಟೈಲ್ಸ್ ಚೂರುಗಳನ್ನು ಆಯತೊಡಗಿದಳು. ದಿನಾ ಚೀಲದ ತಳದಲ್ಲಿ ಒಂದಿಷ್ಟು. ಗೇಟಿನ ಕಾವಲುಗಾರ ಒಂದು ಸಂಜೆ ಹಿಡಿದ. ಎಲ್ಲ ಕೂಲಿಯವರ ಎದುರು ಚೀಲ ಸುರುವಿಸಿದ. ಹರಕು ಟವೆಲು, ಖಾಲಿ ಬುತ್ತಿ, ಚೂರುಗಳು.

"ಕಸ ಕದೀತೀಯೇನೆ?"

"ಕಸ ತಾನೇ ಅಣ್ಣ. ಕಸಕ್ಕೆ ಕಳ್ಳಿ ಅನ್ನಿಸ್ಕೊಂಡ್ರೆ ನನಗೂ ಮರ್ಯಾದೆ ಕಡಿಮೆ."

ಅವನು ನಕ್ಕು ಬಿಟ್ಟುಕೊಟ್ಟ. ಆದರೆ ಅವಳನ್ನು ಮಂಡಿಯೂರಿಸಿ ಒಂದೊಂದೇ ಚೂರು ಹೆಕ್ಕಿಸಿದ. ಮರುದಿನದಿಂದ ಅವಳು ತಾನಾಗಿಯೇ ಅವನ ಮುಂದೆ ಚೀಲ ಸುರಿದು, ತಾನಾಗಿಯೇ ಮಂಡಿಯೂರಿ ಹೆಕ್ಕುತ್ತಿದ್ದಳು. ಅವಮಾನವೂ ಬಾಂಡ್ಲಿಯ ಹಾಗೇ. ಮೊದಲು ಕುತ್ತಿಗೆ ನೋಯುತ್ತದೆ, ಆಮೇಲೆ ಕೂದಲು ಹೋಗುತ್ತದೆ.

ಚೂರು ಸಾಕಷ್ಟು ಆದಾಗ ಮೇಸ್ತ್ರಿ ಕೆಲಸ ಶುರುಮಾಡಿದ. ಟೈಲ್ಸ್ ಹಾಕುವವರು ಒಳಗಿನ ಮೂಲೆಯಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರುತ್ತಾರೆ. ಕಾಲಿದ್ದವರಿಗೂ ಅದು ಕುಂಡೆಯ ಮೇಲಿನ ಕೆಲಸವೇ. "ಈ ಕೆಲಸಕ್ಕೆ ಕಾಲು ಯಾವಾಗ ಬೇಕಿತ್ತು ಹೇಳು" ಎಂದು ಅವನೇ ನಗೆಯಾಡಿದ. ಅವಳು ಕೆಲಸದಿಂದ ಬಂದು ಕಲಸಿಕೊಡುವಳು. ಸಿಮೆಂಟು ಕೊಳ್ಳುವ ಶಕ್ತಿ ಎಷ್ಟು, ಮರಳೇ ಹೆಚ್ಚು. ಬಿಳಿ, ಹಸಿರು, ಕಾಫಿ ಬಣ್ಣ, ಹೂವಿನ ಅರ್ಧ ಎಸಳು, ಯಾವುದೋ ಸಾಹುಕಾರರ ಬಚ್ಚಲಿನ ನೀಲಿ ಮೀನಿನ ಬಾಲ. ಪ್ರತಿ ಚೂರಿನ ಅಂಚನ್ನೂ ಮರಳುಗಲ್ಲಿಗೆ ತಿಕ್ಕಿ ತಿಕ್ಕಿ ನಯ ಮಾಡಿದ. ಅಂಗೈ ಆಡಿಸಿ ನೋಡುವನು. ಕೂದಲೆಳೆಯಷ್ಟು ಎದ್ದಿದ್ದರೂ ಕಿತ್ತು ಮತ್ತೆ ಕೂರಿಸುವನು. ಮುಂದೆ ಆ ನೆಲದ ಮೇಲೆ ತೆವಳಬೇಕಾದದ್ದು ಅವನ ಚರ್ಮವೇ.

ಬಾಗಿಲ ಹೊಸಿಲಿನ ಬಳಿ ಒಂದೇ ಒಂದು ಕಲ್ಲಿನ ಜಾಗ ಉಳಿಯಿತು. ಈ ಕೆಲಸದವರು ಟೈಲ್ಸಿಗೂ ಕಲ್ಲು ಎಂದೇ ಅನ್ನುವುದು. ಅವಳು ಒಂದು ದಿನದ ಕೂಲಿ ಬಿಟ್ಟುಕೊಟ್ಟು, ಒಡೆಯದ, ಇಡಿಯಾದ ಬಿಳಿ ಕಲ್ಲೊಂದನ್ನು ತಂದಳು. ಕೊನೇ ಕಲ್ಲನ್ನು ಕೆಲಸದವರು ಹಾಕುವುದಿಲ್ಲ. ಮನೆಯ ಯಜಮಾನನನ್ನು ಕರೆದು ಅವನ ಕೈಯಲ್ಲಿ ಇಡಿಸುತ್ತಾರೆ. ಯಾರು ಕೊನೇ ಕಲ್ಲು ಇಟ್ಟರೋ ಅವರದು ನೆಲ. ಅದು ಈ ಕಸುಬಿನ ಮಾತು.

"ನೀನೇ ಇಡು" ಎಂದ ಮೇಸ್ತ್ರಿ.

"ನಾನಾ? ನಾವು ಬಾಡಿಗೆಯವರು. ಮಾಲೀಕರ ಕೈಲಿ ಇಡ್ಸೋಣ. ಅವರ ಮನಸ್ಸು ತಣ್ಣಗಿದ್ರೆ ನಮ್ಮ ಬಾಡಿಗೇನೂ ತಣ್ಣಗಿರತ್ತೆ."

"ಬ್ಯಾಡ ಕಣೆ."

"ನಿಂಗೆ ಮಟ್ಟ ಗೊತ್ತು ಮೇಸ್ತ್ರಿ. ಮನುಷ್ಯರು ನಂಗೆ ಗೊತ್ತು."

ಅದೊಂದೇ ಅವಳು ಮಾಡಿದ ತಪ್ಪು. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಮಾಲೀಕ ಬಂದ, ಪ್ಯಾಂಟು ಮೇಲೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತ, ಕಲ್ಲಿಟ್ಟು ತಟ್ಟಿದ. ಸಾಲಿನವರೆಲ್ಲ ಚಪ್ಪಾಳೆ ಹೊಡೆದರು. "ನನ್ನ ಮನೆ ಬೆಳಗಿಸಿದೆ ಕಣಮ್ಮಾ" ಎಂದ. ಅವಳ ಕಣ್ಣು ತುಂಬಿತು. ಅವಳಿಗೆ 'ಬೆಳಗಿಸಿದೆ' ಕೇಳಿಸಿತ್ತು. 'ನನ್ನ' ಕೇಳಿಸಿರಲಿಲ್ಲ.

ಹುಣ್ಣು ಒಣಗಿತು. ಹೊಸ ಚರ್ಮ ಬಂತು. ಮೇಸ್ತ್ರಿ ಅಂಗೈ ಊರಿ ಸರ್ರನೆ ಜಾರಿಕೊಂಡು ಬಾಗಿಲಿಗೆ ಬರುವನು, ಅವಳು ಬರುವ ಹೊತ್ತಿಗೆ ಒಲೆ ಹಚ್ಚಿ ಅನ್ನಕ್ಕಿಟ್ಟಿರುವನು. ಗುಂಡಿ ಅಜ್ಜಿ ಅವನಿಗೂ ಅಂಗಿ ತಂದುಹಾಕಿ ಗುಂಡಿ ಹೊಲಿಯಲು ಕಲಿಸಿದಳು. ಗುಂಡಿಯ ಸಾಲನ್ನೂ ಮಟ್ಟ ನೋಡುತ್ತಿದ್ದ. "ನಿನ್ ಮಟ್ಟಕ್ಕೆ ಬೆಂಕಿ ಬೀಳ, ಬೇಗ ಹೊಲಿಯೋ" ಎಂದು ಅಜ್ಜಿ ಬೈಯುವಳು.

ಕರಾರು ಹೊಸದು ಮಾಡುವ ಕಾಲ ಬಂತು. ಮಾಲೀಕ ಬಾಗಿಲಲ್ಲಿ ನಿಂತು, ಚಪ್ಪಲಿಯ ತುದಿಯಿಂದ ನೆಲ ಸವರಿ, ಬಾಡಿಗೆ ಒಂದಕ್ಕೆ ಎರಡು ಎಂದ.

"ಅಣ್ಣಾ, ಎರಡಾ?"

"ಗುಜರಿ ಕೋಣೆ ರೇಟಲ್ಲಿ ಕೊಟ್ಟಿದ್ದೆ ತಂಗಿ. ಈಗ ಇದು ಗುಜರಿ ಕೋಣೇನಾ, ನೀನೇ ಹೇಳು. ನೆಲ ನೋಡು ಹೇಗಿದೆ!"

"ಆ ನೆಲ ನಾವೇ ಹಾಕಿದ್ದಲ್ವಾ ಅಣ್ಣ?"

"ಕೊನೇ ಕಲ್ಲು ಇಟ್ಟೋರು ಯಾರು?" ನಗುತ್ತಲೇ ಕೇಳಿದ. "ನೀನೇ ತಾನೇ ಕರೆದಿದ್ದು? ನಿಮ್ಮ ಕಸುಬಿನ ಮಾತು ನಂಗೂ ಗೊತ್ತಮ್ಮಾ. ಹತ್ತು ಜನ ನೋಡಿದಾರೆ."

ಒಳಗಿಂದ ಮೇಸ್ತ್ರಿ 'ಬ್ಯಾಡ ಅಂದಿದ್ದೆನಲ್ಲ' ಎನ್ನಲಿಲ್ಲ. ಅವನು ಹೇಳದೆ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದಳು. ಮಾಲೀಕ ಕಾಲು ಹಿಂದೆಳೆದುಕೊಂಡು "ನೋಡೋಣ, ನೋಡೋಣ" ಎಂದ. ಮೇಲೆ ಅವನು ಹೊಸ ಮಹಡಿ ಕಟ್ಟಿಸುತ್ತಿದ್ದ. "ರಜಾ ದಿನ ಬಂದು ಸ್ವಲ್ಪ ಕೈ ಹಚ್ಚು" ಎಂದೂ ಸೇರಿಸಿದ. 'ನೋಡೋಣ' ಎಂದರೆ ಉಳ್ಳವರ ಬಾಯಲ್ಲಿ ಗಾಳಿ, ಇಲ್ಲದವರ ಕಿವಿಯಲ್ಲಿ ಭಾಷೆ. ಅವಳು ವಾರವಿಡೀ ಕಂಡವರ ಕಟ್ಟಡಕ್ಕೆ ಹೊತ್ತು, ರಜೆಯ ದಿನ ಮಾಲೀಕನ ಮಹಡಿಗೆ ಮರಳು ಹೊತ್ತಳು. ಕೂಲಿ ಇಲ್ಲ, ಒಂದು ಲೋಟ ನೀರೂ ಕೇಳಿಯೇ ಕುಡಿಯಬೇಕು. ಮೆಟ್ಟಿಲಿಗೆ ಹಿಡಿದು ಹತ್ತುವ ಕಂಬಿ ಇನ್ನೂ ಕೂರಿಸಿರಲಿಲ್ಲ. ತುಂಬಿದ ಬಾಂಡ್ಲಿಯೊಂದಿಗೆ ತಿರುವಿನಲ್ಲಿ ತಲೆ ತಿರುಗಿದಾಗ ಅವಳು ನೆನೆದದ್ದು ದೇವರನ್ನಲ್ಲ. ನಾನೂ ಬಿದ್ದರೆ ಅವನನ್ನು ಹೊರುವವರು ಯಾರು?

ಮಹಡಿಯ ಕೆಲಸ ಮುಗಿಯಿತು. ಮರುದಿನ ಬೆಳಗ್ಗೆ ಮಾಲೀಕ ಗಂಡಹೆಂಡಿರಿಬ್ಬರನ್ನು ಕರೆದುಕೊಂಡು ಬಂದ. ಬಾಗಿಲು ತಟ್ಟಲಿಲ್ಲ. ಮೇಸ್ತ್ರಿ ಬರಿಮೈಯಲ್ಲಿ ಕೂತು ಮೈ ಒರೆಸಿಕೊಳ್ಳುತ್ತಿದ್ದ. ಬಂದ ಹೆಂಗಸು ಮೊದಲು ಮೂಗಿಗೆ ಕೈ ಹಚ್ಚಿದಳು. ಆಮೇಲೆ ನೆಲ ನೋಡಿದಳು.

"ಅಯ್ಯೋ, ಎಷ್ಟು ಚೆನ್ನಾಗಿದೆ ರೀ! ಮೀನಿನ ಬಾಲ ನೋಡಿ!"

"ನಾನೇ ನಿಂತು ಮಾಡಿಸಿದ್ದು" ಎಂದ ಮಾಲೀಕ. "ತಂಗಿ, ಸ್ವಲ್ಪ ನೀರು ಹಾಕಿ ಒರೆಸು. ಬಣ್ಣ ಕಾಣ್ಲಿ ಅವರಿಗೆ."

ಅವಳು ಒರೆಸಿದಳು. ಯಾಕೆ ಒರೆಸಿದಳೋ, ಅವಳಿಗೇ ಗೊತ್ತಿಲ್ಲ. ಹೇಳಿದರೆ ಮಾಡಿ ಅಭ್ಯಾಸವಾದ ಕೈ, ಮನಸ್ಸನ್ನು ಕೇಳುವುದಿಲ್ಲ. ಬಟ್ಟೆ ಹಿಂಡಿ, ಮಂಡಿಯೂರಿ, ಆ ಹೆಂಗಸಿನ ಚಪ್ಪಲಿಯ ಸುತ್ತಲೂ ಒರೆಸಿದಳು.

"ಮೇಸ್ತ್ರಿ, ಕೊಂಚ ಆ ಕಡೆ ಸರ್ಕೋ. ಮೂಲೆ ನೋಡ್ಬೇಕಂತೆ" ಎಂದ ಮಾಲೀಕ.

ಮೇಸ್ತ್ರಿ ಟವೆಲು ತೊಡೆಯ ಮೇಲೆಳೆದುಕೊಂಡು ಸರಿದ. ಸತ್ತ ಕಾಲುಗಳು ಒದ್ದೆ ನೆಲದ ಮೇಲೆ ಹಿಂದೆ ಹಿಂದೆ ಬಂದವು.

"ಇವರು?" ಎಂದು ಬಂದ ಗಂಡಸು ಪಿಸುಗುಟ್ಟಿದ.

"ಖಾಲಿ ಮಾಡ್ತಾರೆ" ಎಂದ ಮಾಲೀಕ, ಹಳೇ ಬೀರು ಒಂದನ್ನು ಎತ್ತಿಸುವ ಹಾಗೆ.

ಅವರು ಹೋದ ಮೇಲೆ ಅವಳು ಹಿಂದೆಯೇ ಓಡಿದಳು. "ನೋಡೋಣ ಅಂದಿದ್ರಿ ಅಣ್ಣ!"

"ನೋಡ್ದೆನಲ್ಲಮ್ಮಾ. ಆಗ್ಲಿಲ್ಲ."

ಅವಳು ಮನೆ ಹುಡುಕಿದಳು. ಕೆಲಸ ಬಿಟ್ಟ ಮೇಲೆ ಬೀದಿ ಬೀದಿ. ಒಬ್ಬ ನೆತ್ತಿ ನೋಡಿ "ಕೂಲಿಯವರಾ?" ಎಂದು ಬಾಗಿಲು ಹಾಕಿದ. ಒಬ್ಬಳು "ಎಷ್ಟು ಜನ?" ಎಂದಳು. ಗಂಡ ಹೀಗಿದ್ದಾನೆ ಎಂದ ತಕ್ಷಣ, "ನಾಳೆ ನಮ್ಮ ಮನೇಲೇ ಏನಾದ್ರೂ ಆದ್ರೆ ಆಮೇಲೆ ಯಾರೂ ಬಾಡಿಗೆಗೆ ಬರಲ್ಲ" ಎಂದಳು. ಇನ್ನೂ ಸಾಯದವನನ್ನು ಊರೆಲ್ಲ ಸಾಯಿಸಿಟ್ಟಿತ್ತು. ಕೊನೆಗೆ ಕೆಲಸದ ಕಡೆಯ ಅದೇ ಕಾವಲುಗಾರ, ಕಸ ಹೆಕ್ಕಿಸಿದವನು, ಸಿಮೆಂಟು ಮೂಟೆ ಇಡುವ ಶೆಡ್ಡಿನಲ್ಲಿ ಒಂದು ಮೂಲೆ ಕೊಡುತ್ತೇನೆಂದ. "ಕಟ್ಟಡ ಮುಗಿಯೋವರ್ಗೂ ಅಷ್ಟೇ ಅಕ್ಕ. ಅಲ್ಲಿ ನೆಲ ಗಿಲ ಏನಿಲ್ಲ, ಬರೀ ಜಲ್ಲಿ."

ಅವಳು ಮೇಸ್ತ್ರಿಗೆ ಹೇಳಿದಳು. ಅವನು ನೀಲಿ ಬಾಲದ ಮೇಲೆ ಬೆರಳಾಡಿಸಿದ. ಆಮೇಲೆ, "ಅಲ್ಲಿ ನಂಗೆ ಎಷ್ಟು ದಿನ ಕಣೆ?" ಎಂದು ಕೇಳಿದ. ಇಬ್ಬರಿಗೂ ನರ್ಸಮ್ಮನ ಮಾತು ನೆನಪಿತ್ತು.

ಹಳೇ ಕರಾರು ಮುಗಿಯುವ ದಿನ ಮಾಲೀಕ ಹೊಸ ಕರಾರು ಹಿಡಿದು ಬಂದ. ಹೊಸ ಬಾಡಿಗೆದಾರರ ಸಾಮಾನಿನ ಗಾಡಿ ಆಗಲೇ ಬೀದಿಯಲ್ಲಿ ನಿಂತಿತ್ತು. ಸಾಲಿನವರೆಲ್ಲ ಬಾಗಿಲಿಗೆ ಬಂದರು.

"ಹೆಬ್ಬೆಟ್ಟು ಒತ್ತಿದ್ರೆ ಇರು ತಂಗಿ. ಬೇಡ ಅಂತ ನಾನೇನು ಕತ್ತು ಹಿಡಿದು ತಳ್ತಿದೀನಾ? ಆಗಲ್ಲ ಅಂದ್ರೆ ಮರ್ಯಾದೆಯಾಗಿ ಖಾಲಿ ಮಾಡು. ಮನೆ ಮಾತ್ರ ಹೇಗಿತ್ತೋ ಹಾಗೇ ಇರ್ಬೇಕು. ಒಂದು ಮೊಳೆ ಹೊಡೆದಿದ್ರೂ..."

ಬಾಯಿಪಾಠದ ಮಾತು. ಎಲ್ಲರಿಗೂ ಹೇಳುವ ಮಾತು. ಅವನಿಗೇ ಅದು ಕೇಳಿಸಿರಲಿಕ್ಕಿಲ್ಲ.

ಅವಳಿಗೆ ಕೇಳಿಸಿತು. ಗಂಡನ ಮುಖ ನೋಡಿದಳು. ಅವನು ಆಗಲೇ ಅವಳನ್ನು ನೋಡುತ್ತಿದ್ದ.

"ಹೇಗಿತ್ತೋ ಹಾಗೇನಾ?" ಎಂದಳು.

"ಹೇಗಿತ್ತೋ ಹಾಗೇ" ಎಂದ ಮಾಲೀಕ.

ಅವಳು ಒಳಗೆ ಹೋಗಿ ಚೀಲದಿಂದ ಉಳಿ, ಸುತ್ತಿಗೆ ತಂದಳು. ಹೊಸಿಲಿನ ಬಳಿ ಕೂತಳು. ಬಿಳಿ ಕಲ್ಲಿನ ಸಂದಿಗೆ ಉಳಿ ಇಟ್ಟಳು. ಒಂದು ದಿನದ ಕೂಲಿಯ ಕಲ್ಲು.

"ಅಂಚಿಂದ ಎಬ್ಬಿಸು" ಎಂದ ಮೇಸ್ತ್ರಿ ಹಿಂದಿನಿಂದ. "ಮೆಲ್ಲಗೆ. ಅದು ಒಡೀಬಾರ್ದು."

ಮರಳು ಹೆಚ್ಚಿದ ಕಲಸು, ಬೇಗ ಬಿಟ್ಟುಕೊಂಡಿತು. ಕಲ್ಲು ಇಡಿಯಾಗಿ ಎದ್ದಿತು. ಅವಳು ಅದನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಕರಾರು ಹಿಡಿದಿದ್ದ ಅವನ ಕೈಗೆ ಕೊಟ್ಟಳು.

"ತಗೊಳ್ಳಿ ಮಾಲೀಕರೇ. ಕೊನೇ ಕಲ್ಲು ನೀವಿಟ್ಟಿದ್ದು. ಇದು ನಿಮ್ಮದು."

ಅಣ್ಣ ಎನ್ನಲಿಲ್ಲ. ಅದನ್ನು ಸಾಲಿನವರೆಲ್ಲ ಗಮನಿಸಿದರು.

"ಏನೇ ಇದು?"

"ಮಿಕ್ಕಿದ್ದು ನಮ್ಮದು."

ಆಮೇಲೆ ಸುತ್ತಿಗೆ ಬಿತ್ತು. ಹಸಿರು ಎದ್ದಿತು. ಕಾಫಿ ಬಣ್ಣ ಎದ್ದಿತು. ಹೂವಿನ ಎಸಳು ಪುಡಿಯಾಯಿತು. ಮಾಲೀಕ ಕೂಗಾಡಿದ. ಬೆಣ್ಣೆ ಕರಗಿತು, ಕೂದಲಷ್ಟೇ ಉಳಿಯಿತು. ಪೊಲೀಸು ಎಂದ, ಅಡ್ವಾನ್ಸಿನ ಬಿಡಿಗಾಸೂ ಇಲ್ಲ ಎಂದ, ಕೀಳು ಜನ ಎಂದ, ಅನ್ನ ಕೊಟ್ಟ ಕೈ ಎಂದ. ಅವಳ ಕೈ ಹಿಡಿಯಲು ಬಗ್ಗಿದ. ಆದರೆ ಅವನ ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಕಲ್ಲು.

"ನಿಂದೇ ಕರಾರಲ್ವಾಪ್ಪ" ಎಂದಳು ಗುಂಡಿ ಅಜ್ಜಿ ತನ್ನ ಬಾಗಿಲಿಂದ. "ಹೇಗಿತ್ತೋ ಹಾಗೇ ಕೊಡ್ತಿದಾಳೆ, ಇಸ್ಕೋ. ಜಿರಳೆ ಮಾತ್ರ ಎಣಿಸ್ಕೋಬೇಕು ನೀನು." ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ. ಸೂಜಿ ಸೆರಗಿಗೆ ಚುಚ್ಚಿಕೊಂಡು ತನ್ನ ಕೋಣೆಯ ಕಿಟಕಿಯನ್ನೊಮ್ಮೆ ನೋಡಿದಳು. "ಈ ಕಿಟಕೀನೂ ನಾನೇ ಹಾಕಿಸಿದ್ದು. ನನ್ನ ಕರಾರು ಮುಂದಿನ ತಿಂಗಳು" ಎಂದಳು. ಈ ಸಲ ಯಾರೂ ನಗಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ತೆವಳಿಕೊಂಡು ಬಂದು ಇನ್ನೊಂದು ಉಳಿ ಎತ್ತಿಕೊಂಡಿದ್ದ. ಹಾಕುವಾಗ ಹಿಂದಕ್ಕೆ ಹಿಂದಕ್ಕೆ ಬಂದವನು, ಕೀಳುವಾಗ ಮುಂದಕ್ಕೆ ಮುಂದಕ್ಕೆ ಹೋದ. ಎಬ್ಬಿಸಿದ ಜಾಗದ ಮೇಲೆಯೇ ತೆವಳಬೇಕು. ಜಲ್ಲಿ ಸೊಂಟಕ್ಕೆ ಕಚ್ಚಿತು. ಅವಳು "ಸಾಕು ಮೇಸ್ತ್ರಿ, ರಕ್ತ ಬರ್ತಿದೆ" ಎಂದಳು. "ನಾನು ಹಾಕಿದ್ದು, ನಾನೇ ಕೀಳ್ತೀನಿ" ಎಂದ. ಅಳುತ್ತಿದ್ದ. ಅಂಗೈ ಆಡಿಸಿ ಕೂರಿಸಿದ ಒಂದೊಂದು ಚೂರೂ ಅವನಿಗೆ ಗುರುತಿತ್ತು. ನೀಲಿ ಬಾಲದ ಚೂರನ್ನು ಮಾತ್ರ ಉಳಿ ತಾಕಿಸದೆ, ಉಗುರಿನಿಂದ ಕೆರೆದು ತೆಗೆದ.

ಬಂದ ಹೊಸ ಹೆಂಗಸು ಒಳಗೆ ಇಣುಕಿ, "ಇಷ್ಟೇನಾ ರೀ ಈ ಮನೆ?" ಎಂದಳು. ಸ್ವಲ್ಪ ಹೊತ್ತಿಗೆ ಗಾಡಿ ತಿರುಗಿ ಹೋಯಿತು.

ಇಡಿಯಾಗಿ ಉಳಿದ ಚೂರುಗಳನ್ನು ಅವಳು ಬಾಂಡ್ಲಿಗೆ ತುಂಬಿದಳು. ಒಬ್ಬ ಮನುಷ್ಯ ಮಲಗುವಷ್ಟು ಉದ್ದಕ್ಕೆ ಆಗಬಹುದು, ಅಷ್ಟೇ. ಬಾಂಡ್ಲಿಯನ್ನೂ ಪಾತ್ರೆಯ ಗಂಟನ್ನೂ ಗುಂಡಿ ಅಜ್ಜಿಯ ಕೋಣೆಯಲ್ಲಿಟ್ಟಳು. ಅವನ್ನು ಹೊರಲು ಮತ್ತೆ ಬರಬೇಕು. ಮೊದಲು ಗಂಡ.

ಬೆನ್ನು ಬಗ್ಗಿಸಿ ಕೂತಳು. ಮೇಸ್ತ್ರಿ ಕುತ್ತಿಗೆಗೆ ಕೈ ಹಾಕಿದ. ಅವನ ಸೊಂಟದ ರಕ್ತ ಅವಳ ರವಿಕೆಗೆ ಬೆಚ್ಚಗೆ ಇಳಿಯಿತು. ಎದ್ದಳು. ಮಾಲೀಕ ಇನ್ನೂ ಬಾಗಿಲಲ್ಲೇ ಇದ್ದ, ಕೈಯಲ್ಲಿ ಬಿಳಿ ಕಲ್ಲು. ಕೆಳಗಿಡಲು ಅವನಿಗೆ ನೆಲವಿರಲಿಲ್ಲ.

ಹೊಸಿಲು ದಾಟಿದಳು. ಶೆಡ್ಡು ದೂರ. ಅಲ್ಲೂ ಜಲ್ಲಿ. ಎಷ್ಟು ದಿನ ಎಂದು ಅವನು ಮತ್ತೆ ಕೇಳದಿರಲಿ ಎಂದುಕೊಂಡಳು, ಕೇಳಿದರೆ ಏನು ಹೇಳುವುದು ಎಂದು ಹೆದರಿದಳು. ಬೀದಿಗೆ ಇಳಿಯುವ ಕಡೆ ಅವಳ ಹೆಜ್ಜೆ ತಡವರಿಸಿತು.

ಬೆನ್ನ ಮೇಲಿನಿಂದ, ಅವಳ ಕಿವಿಯ ಹತ್ತಿರ, ಮೇಸ್ತ್ರಿ ಹೇಳಿದ:

"ನಿಧಾನ ಕಣೆ. ಇಲ್ಲಿ ಮಟ್ಟ ಇಲ್ಲ."